ನಾನು ಹೋದ ಕೂಡಲೇ ಸರಿಯಾಗುತ್ತದೆ

ಕೊಡಗಿನಲ್ಲಿ ಮಿಲಿಟರಿಗೆ ಸೇರದ ಗಂಡಸು ಎಲ್ಲರಿಗೂ ಒಂದಿಷ್ಟು ವಿವರಣೆ ಕೊಡಬೇಕಾಗುತ್ತದೆ. ಫೀಲ್ಡ್ ಮಾರ್ಷಲ್ ಕಾರ್ಯಪ್ಪ, ಜನರಲ್ ತಿಮ್ಮಯ್ಯ ಹುಟ್ಟಿದ ಜಿಲ್ಲೆ ಅಲ್ವಾ. ನಾನು ಮಾತ್ರ ಬೆಂಗಳೂರಿನ ಹೊರಗಿನ ಒಂದು ಪುಟ್ಟ ಏರ್‌ಫೀಲ್ಡಿನಲ್ಲಿ ಖಾಸಗಿ ಹೆಲಿಕಾಪ್ಟರುಗಳ ಏವಿಯಾನಿಕ್ಸ್, ಅಂದರೆ ಎಲೆಕ್ಟ್ರಾನಿಕ್ ಉಪಕರಣ, ನೋಡಿಕೊಂಡಿದ್ದವನು. ಹೆಲಿಕಾಪ್ಟರ್ ಅಂದ ಕೂಡಲೇ ಕಾಫಿ ಬೇಗ ಬರುತ್ತದೆ. ರೈಲೂ ಇಲ್ಲದ ಊರು ನಮ್ಮದು.

"ನೀನೇ ಓಡಿಸ್ತಿದ್ಯಾ?"

"ಇಲ್ಲ ಅತ್ತೆ. ರೇಡಿಯೋ, ದಿಕ್ಸೂಚಿ, ಮೀಟರು, ವೈರಿಂಗ್ ನೋಡ್ತಿದ್ದೆ."

"ಓ, ಹಾಗಾದ್ರೆ ನಮ್ಮ ಮಿಕ್ಸಿ ಸ್ವಲ್ಪ ನೋಡು."

ನಾವು ನೋಡುತ್ತಿದ್ದುದು 28 ವೋಲ್ಟಿನ ಡಿಸಿ, ಮಿಕ್ಸಿಯದು 230 ವೋಲ್ಟಿನ ಎಸಿ ಎಂದು ವಿವರಿಸಿದೆ. ಅತ್ತೆ ಸಮಾಧಾನವಾಗಿ ಕೇಳಿಸಿಕೊಂಡು, "ಸ್ಕ್ರೂಡ್ರೈವರ್ ತರಲಾ?" ಅಂದರು. ಬೇಕಾಗಲಿಲ್ಲ. ಸ್ವಿಚ್ ಹಾಕಿದೆ, ಮಿಕ್ಸಿ ತಿರುಗಿತು. ಈ ಕಾಟ ನನಗೆ ಹಳೇ ಪರಿಚಯ. ಕೆಟ್ಟ ವಸ್ತುವಿಗೆ ರಿಪೇರಿಯವನ ಮುಖ ಕಂಡರೆ ಅದೇನೋ ನಾಚಿಕೆ.

ಏರ್‌ಫೀಲ್ಡಿನಲ್ಲಿ ಒಬ್ಬ ಕ್ಯಾಪ್ಟನ್ ಇದ್ದರು. ಹಾರಿ ಬಂದ ಮೇಲೆ ಲಾಗ್‌ಬುಕ್ಕಿನಲ್ಲಿ "ರೇಡಿಯೋ ಮಧ್ಯೆ ಮಧ್ಯೆ ಸತ್ತುಹೋಗುತ್ತದೆ" ಎಂದು ಬರೆಯುವರು. ನಾವು ನೋಡಿ, "ನೆಲದ ಮೇಲೆ ಪರೀಕ್ಷಿಸಲಾಯಿತು, ಸರಿಯಿದೆ" ಎಂದು ಕೆಳಗೆ ಬರೆಯುವೆವು. ಮರುದಿನ ಅದೇ ದೂರು, ಅಕ್ಷರ ಇನ್ನೂ ದಪ್ಪ. ನೆಲದ ಮೇಲೆ ರೆಕ್ಕೆ ತಿರುಗುವುದಿಲ್ಲ, ಏನೂ ನಡುಗುವುದಿಲ್ಲ. ಮೇಲೆ ಹೋದರೆ ಪ್ರತಿಯೊಂದು ವೈರೂ, ಪ್ರತಿಯೊಂದು ಪಿನ್ನೂ ನಡುಗುತ್ತದೆ. ಹಾಗಾಗಿ ನಮಗೆ ವೈರಿನ ಮೇಲೇ ಅನುಮಾನ. ರೇಡಿಯೋ ಪೆಟ್ಟಿಗೆ ಬದಲಾಯಿಸಿದೆವು. ಆಂಟೆನಾ ಬದಲಾಯಿಸಿದೆವು. ಕೇಬಲ್ ಎಳೆದು ಹೊಸದು ಹಾಕಿದೆವು. ಕೊನೆಗೆ ನಮ್ಮ ಸೀನಿಯರ್ ಹಿಂದಿನ ಸೀಟಿನಲ್ಲಿ ಕೂತು ಜೊತೆಗೇ ಹಾರಿದರು. ಕ್ಯಾಪ್ಟನ್ ಎಡಕ್ಕೆ ತಿರುಗಿದಾಗಲೆಲ್ಲ ರೇಡಿಯೋ ಬಂದ್! ಅವರ ಹೆಡ್‌ಸೆಟ್ಟಿನ ಪ್ಲಗ್ ಅರ್ಧ ಮಾತ್ರ ಒಳಗಿತ್ತು. ಲಾಗ್‌ಬುಕ್ಕಿನಲ್ಲಿ ಸೀನಿಯರ್ ಬಹಳ ಮರ್ಯಾದೆಯಿಂದ ಬರೆದರು: "ಪ್ಲಗ್ ಪೂರ್ತಿ ಒತ್ತಲಾಯಿತು."

ಏಡಿಎಫ್ ಅಂತ ಇನ್ನೊಂದು ಯಂತ್ರ. ಯಾವ ಸ್ಟೇಷನ್ ಹಾಕುತ್ತೀರೋ ಅದರ ಮುಳ್ಳು ಆ ಕಡೆ ತಿರುಗುತ್ತದೆ. ಮೀಡಿಯಂ ವೇವನ್ನೂ ಹಿಡಿಯುತ್ತದೆ. ಹಾಗಾಗಿ ಪರೀಕ್ಷೆಯ ಹೆಸರಲ್ಲಿ ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಸ್ ಹಾಕಿ ಚಿತ್ರಗೀತೆ ಕೇಳುತ್ತಿದ್ದೆವು. ಮುಳ್ಳು ಸರಿಯಿದೆಯಾ ಎಂದು ಇಡೀ ಹಾಡು ಮುಗಿಯುವವರೆಗೆ ನೋಡಬೇಕಲ್ಲ! ಗುಡುಗು ಮಳೆ ಬಂದರೆ ಮುಳ್ಳು ಆಕಾಶವಾಣಿ ಬಿಟ್ಟು ಮಿಂಚಿನ ಕಡೆ ಹೊರಳುತ್ತಿತ್ತು. ಬ್ಯಾಟರಿ ಇಳಿಯುತ್ತದೆ ಎಂದು ಸೀನಿಯರ್ ಇದನ್ನು ನಿಲ್ಲಿಸಿದರು. ಆಮೇಲೆ ಒಬ್ಬ ಸಹೋದ್ಯೋಗಿ ಕ್ರಿಕೆಟ್ ಕಾಮೆಂಟರಿಗೆ ಪಾಕೆಟ್ ಟ್ರಾನ್ಸಿಸ್ಟರ್ ತರತೊಡಗಿದ.

ಒಂದು ದಿನ ದಿಕ್ಸೂಚಿ ಪರೀಕ್ಷೆ. ಕಬ್ಬಿಣದ ಶೆಡ್ಡಿನಿಂದ ದೂರ ಹೆಲಿಕಾಪ್ಟರನ್ನು ತಳ್ಳಿಕೊಂಡು ಹೋಗಿ, 30 ಡಿಗ್ರಿಗೊಮ್ಮೆ ತಿರುಗಿಸಿ, ದಿಕ್ಸೂಚಿ ಎಷ್ಟು ತಪ್ಪು ತೋರಿಸುತ್ತದೆ ಎಂದು ಬರೆದುಕೊಳ್ಳಬೇಕು. ಬಿಸಿಲು ಬೇರೆ. ಲೆಕ್ಕ ಮಾತ್ರ ಯಾವುದಕ್ಕೂ ಕೂಡುತ್ತಿಲ್ಲ. ಪೂರ್ತಿ ಸುತ್ತು ಮತ್ತೆ ಶುರು. ಆಗ ಡ್ಯಾಶ್‌ಬೋರ್ಡಿನ ಹಿಂದಿನಿಂದ ಯಾರೋ "ಔಟ್!" ಎಂದು ಕೂಗಿದರು. ಟ್ರಾನ್ಸಿಸ್ಟರಿನ ಸ್ಪೀಕರಿನಲ್ಲಿ ಒಳ್ಳೇ ಅಯಸ್ಕಾಂತ ಇರುತ್ತದೆ.

ಕಳೆದ ಮಳೆಗಾಲದಲ್ಲಿ ಪಕ್ಕದ ತೋಟದ ಮಾವ ಕರೆದರು. ಆನೆ ತಡೆಯಲು ಹಾಕಿದ ಸೋಲಾರ್ ಬೇಲಿ ಕೆಲಸ ಮಾಡುತ್ತಿಲ್ಲವಂತೆ. ಮಳೆಗೆ ಹುಲ್ಲು ಬೆಳೆದು ತಂತಿಗೆ ತಾಗಿದರೆ ಕರೆಂಟು ನೆಲಕ್ಕೆ ಇಳಿದುಬಿಡುತ್ತದೆ. ನಾನು ಹೋಗುವಷ್ಟರಲ್ಲಿ ಕೆಲಸದವನು ಹುಲ್ಲು ಕೊಚ್ಚಿ ಮುಗಿಸಿದ್ದ. ಮಾವನಿಗೆ ಅದು ಗೊತ್ತಿಲ್ಲ.

"ಮುಟ್ಬೇಡಿ ಮಾವ, ಮೊದಲು ಮೀಟರು ಇಟ್ಟು ನೋಡೋಣ."

"ಎಂತದೂ ಇಲ್ಲ ಮಾರಾಯ, ನೋಡು ಬೇಕಾದ್ರೆ" ಎಂದು ತಂತಿ ಹಿಡಿದೇ ಬಿಟ್ಟರು. ಈ ಬೇಲಿಯಲ್ಲಿ ಕರೆಂಟು ಸದಾ ಹರಿಯುವುದಿಲ್ಲ, ಸೆಕೆಂಡಿಗೊಮ್ಮೆ ಹೊಡೆಯುತ್ತದೆ. ಆ ಒಂದು ಸೆಕೆಂಡಿನಲ್ಲಿ ಅವರು ನನ್ನ ಕಡೆ ತಿರುಗಿ ನಗುವುದನ್ನೂ ಮುಗಿಸಿದ್ದರು. ಆಮೇಲೆ ಹಾರಿದ ರಭಸಕ್ಕೆ ಟೋಪಿ ಕಾಫಿ ಗಿಡದ ಮೇಲೆ.

ಕೈ ಕೊಡವುತ್ತಾ ಎದ್ದವರು ಕೇಳಿದ್ದು ಒಂದೇ ಮಾತು. "ಆಹಾ, ಸರಿಯಾಯ್ತಲ್ಲ! ನೀನು ಎಂತ ಮಾಡಿದೆ?"

ಸಂಜೆ ಒಂದು ಬಾಳೆಗೊನೆ ಕಳಿಸಿದರು. ಜೊತೆಗೆ ಅವರ ಟಿವಿ ರಿಮೋಟನ್ನೂ.