ಮಂಜಿನ ತಲೆಮೇಲೆ ಗೂಬೆ

ಚಳಿಗಾಲ ಬಂದರೆ ದೆಹಲಿಯಲ್ಲಿ ಮಂಜು ಬೀಳುತ್ತದೆ ಎಂಬ ಸಂಗತಿ ನಮ್ಮ ವಿಮಾನ ಕಂಪನಿಗಳಿಗೆ ಪ್ರತಿ ವರ್ಷ ಹೊಸದಾಗಿ ಗೊತ್ತಾಗುತ್ತದೆ. ಪಾಪ, ಯಾರೂ ಹೇಳಿರುವುದಿಲ್ಲ. ಮೊನ್ನೆ ದೇವನಹಳ್ಳಿಯಲ್ಲಿ ಬೆಳಗಿನ ಐದಕ್ಕೇ ಹೋಗಿ ಕೂತವನಿಗೆ ಹತ್ತು ಗಂಟೆಗೆ ಸಿಕ್ಕ ಉತ್ತರವೂ ಅದೇ: 'ದೆಹಲಿಯಲ್ಲಿ ಮಂಜು ಸಾರ್.'

ಹಾಗಂತ ಅಲ್ಲಿ ದೀಪಕ್ಕೇನೂ ಬರವಿಲ್ಲ. ದಟ್ಟ ಮಂಜಿನಲ್ಲೂ ಇಳಿಯುವ ವ್ಯವಸ್ಥೆಯಿರುವ ಕ್ಯಾಟ್-3 ರನ್‌ವೇಯಲ್ಲಿ 50 ಮೀಟರ್ ಕಂಡರೆ ಇಳಿಯಬಹುದು, 125 ಕಂಡರೆ ಏರಬಹುದು. ನಡುಗೆರೆಯುದ್ದಕ್ಕೂ ನೆಲದಲ್ಲಿ ಹುದುಗಿಸಿದ ಬಿಳಿ ದೀಪ; ತುದಿಗೆ 900 ಮೀಟರ್ ಉಳಿದಾಗ ಒಂದು ಕೆಂಪು ಒಂದು ಬಿಳಿ; ಕೊನೆಯ 300ರಲ್ಲಿ ಬರೀ ಕೆಂಪು, 'ಸಾಕು ನಿಲ್ಲಿಸಪ್ಪಾ' ಅಂತ. ಕರೆಂಟ್ ಹೋದರೆ ಈ ದೀಪಗಳು ಒಂದೇ ಸೆಕೆಂಡಿನಲ್ಲಿ ಮತ್ತೆ ಹತ್ತಬೇಕು. ಅಕ್ಕಪಕ್ಕದ ಎರಡು ದೀಪ ಒಟ್ಟಿಗೆ ಕೆಟ್ಟಿರಕೂಡದು.

ಈ ಕೊನೆಯ ನಿಯಮ ಓದಿ ನನಗೆ ಕಣ್ಣು ತುಂಬಿ ಬಂತು. ನಮ್ಮ ಬೀದಿಯಲ್ಲಿ ಅಕ್ಕಪಕ್ಕದ ಎರಡು ದೀಪ ಒಟ್ಟಿಗೆ ಉರಿದದ್ದನ್ನೇ ಕಂಡವರಿಲ್ಲ. ಮೂಲೆ ಕಂಬದ್ದೊಂದು ಮಟಮಟ ಮಧ್ಯಾಹ್ನ ಉರಿದು, ಸುಸ್ತಾಗಿ ರಾತ್ರಿ ಮಲಗುತ್ತದೆ. ದೂರು ಕೊಟ್ಟೆವು. ಏಣಿ ಬಂತು, ಬಲ್ಬ್ ಬರಲಿಲ್ಲ. ಮುಂದಿನ ವಾರ ಬಲ್ಬ್ ಬಂತು, ಏಣಿ ಪಕ್ಕದ ವಾರ್ಡಿಗೆ ಹೋಗಿತ್ತು. ಎದುರುಮನೆ ಅಜ್ಜಿ ಈಗಲೂ ಟಾರ್ಚ್ ಹಿಡಿದು ಹಾಲಿಗೆ ಹೋಗುತ್ತಾರೆ, ಯಾವ ಕ್ಯಾಟ್-3 ತರಬೇತಿಯೂ ಇಲ್ಲದೆ.

ತರಬೇತಿ ಅಂದಾಗ ನೆನಪಾಯಿತು. ಅಂಥ ಮಂಜಿನಲ್ಲಿ ಇಳಿಸಲು ಪೈಲಟ್‌ಗೆ ಬೇರೆಯೇ ತರಬೇತಿ ಆಗಿರಬೇಕು. 2023ರ ಡಿಸೆಂಬರಿನಲ್ಲಿ, ಮಂಜಿನ ದಿನಗಳಲ್ಲೇ, ಅದಾಗದವರನ್ನು ಡ್ಯೂಟಿಗೆ ಹಾಕಿದ್ದಕ್ಕೆ ಏರ್ ಇಂಡಿಯಾ ಮತ್ತು ಸ್ಪೈಸ್‌ಜೆಟ್‌ಗೆ ವಿಮಾನಯಾನ ನಿಯಂತ್ರಕ ಡಿಜಿಸಿಎ ತಲಾ 30 ಲಕ್ಷ ದಂಡ ಜಡಿಯಿತು. ಊರೆಲ್ಲ ಹುಡುಕಿ, ಈಜು ಬಾರದವನನ್ನೇ ಹೊಳೆಗೆ ಇಳಿಸುವ ಈ ಪ್ರತಿಭೆಗೆ ದಂಡವೇ? ಸನ್ಮಾನ ಆಗಬೇಕಿತ್ತು. ದೀಪಗಳು ತಮ್ಮ ಪಾಡಿಗೆ ತಾವು ಉರಿಯುತ್ತಿದ್ದವು, ವಿಮಾನಗಳು ಬೇರೆ ಊರಿನ ದಾರಿ ಹಿಡಿದವು.

ಮರುತಿಂಗಳು ಗೋವಾದಿಂದ ದೆಹಲಿಗೆ ಹೊರಟವರು ಮುಂಬೈಯಲ್ಲಿ ವಿಮಾನದ ಪಕ್ಕ ನೆಲದ ಮೇಲೆ ಕೂತು ಉಂಡ ವಿಡಿಯೊ ನೀವೂ ನೋಡಿದ್ದೀರಿ. ನಾನೂ ನಕ್ಕು ನಾಲ್ಕು ಗ್ರೂಪಿಗೆ ಕಳಿಸಿದ್ದೆ. ಈಗ ನಗು ಬರುತ್ತಿಲ್ಲ. ದುಡ್ಡು ಕೊಟ್ಟು ಟಿಕೆಟ್ ತೆಗೆದುಕೊಂಡ ಜನ ಅವರು. ವಿಮಾನ ಕಂಪನಿಯವರೇ, ಅವರನ್ನು ಗಂಟೆಗಟ್ಟಲೆ ಕೊಳೆಹಾಕಿ, ಯಾಕೆಂದು ಕೇಳಿದರೆ ಮಂಜು ಅನ್ನುತ್ತೀರಿ. ಅದು ಎದುರುತ್ತರ ಕೊಡುವುದಿಲ್ಲ ಅಂತ ತಾನೆ?

ಕೌಂಟರಿನ ಹುಡುಗಿಗೆ ಬೈಯಲು ಬಾಯಿ ತೆರೆದೆ. ರಾತ್ರಿಪಾಳಿ ಮುಗಿದರೂ ಅವಳನ್ನು ಮನೆಗೆ ಬಿಟ್ಟಿರಲಿಲ್ಲ. 'ಮಂಜು ಸಾರ್' ಅಂದಳು, ಆಕಳಿಸುತ್ತಾ.