ಓಡುವ ಹುಡುಗನನ್ನು ಹೋಮ್ ಪ್ಲೇಟ್ ಹಿಂದೆಯೇ ಬಿಡಿ

ಬೇಸ್‌ಬಾಲ್ ನೋಡುವವರು ಕ್ಯಾಚರ್ (ಹೋಮ್ ಪ್ಲೇಟ್ ಅನ್ನೋ ಬ್ಯಾಟಿಂಗ್ ಜಾಗದ ಹಿಂದೆ ಕೂತು ಚೆಂಡು ಹಿಡಿಯುವವನು) ಅಂದ ಕೂಡಲೇ ನಿಧಾನವಾಗಿ ಓಡುವವನು ಅಂತಲೇ ಅಂದುಕೊಳ್ಳುತ್ತಾರೆ. ನಾನು ಇದನ್ನು ಒಪ್ಪುವುದಿಲ್ಲ. ಒಬ್ಬ ಹುಡುಗ ಚೆನ್ನಾಗಿ ಓಡುತ್ತಾನೆ ಅಂತ ಗೊತ್ತಾದರೆ ಅವನನ್ನು ಅಲ್ಲಿಂದ ಎಬ್ಬಿಸಿ ಬೇರೆ ಜಾಗಕ್ಕೆ ಹಾಕುತ್ತಾರೆ, ಆಮೇಲೆ ಕ್ಯಾಚರ್‌ಗಳಿಗೆ ಓಟವೇ ಬರಲ್ಲ ಅಂತಾರೆ. ಓಡುವವರನ್ನು ಅಲ್ಲಿ ಉಳಿಸಿದರೆ ತಾನೇ?

ಕ್ರೇಗ್ ಬಿಜಿಯೊ ಹೂಸ್ಟನ್ ತಂಡಕ್ಕೆ ಕ್ಯಾಚರ್ ಆಗಿದ್ದಾಗ, 1989ರಲ್ಲೇ 21 ಬೇಸ್ (ಓಟಗಾರ ಮುಟ್ಟಬೇಕಾದ ನೆಲೆ) ಕದ್ದಿದ್ದ, ಅಂದರೆ ಬ್ಯಾಟರ್ ಹೊಡೆತಕ್ಕೆ ಕಾಯದೆ ಮುಂದಿನ ಬೇಸ್‌ಗೆ ಓಡಿ ಸೇರಿದ್ದ. 1992ರಲ್ಲಿ ಅವನನ್ನು ಎರಡನೇ ಬೇಸ್ ಬಳಿ ಫೀಲ್ಡಿಂಗ್‌ಗೆ ಕಳಿಸಿದರು. ಕಾಲು ಉಳಿಯಲಿ ಅಂತ. ಉಳಿಯಿತು ಕೂಡ, ಒಟ್ಟು 414 ಬೇಸ್ ಕದ್ದ. ಆ ಭಯ ಸುಳ್ಳಲ್ಲ ಬಿಡಿ. ಕ್ಯಾಚರ್‌ನದು ನಮ್ಮ ವಿಕೆಟ್ ಕೀಪರ್ ಥರವೇ ಕೆಲಸ, ಆದರೆ ಮುಖಕ್ಕೆ ಮಾಸ್ಕ್, ಎದೆಗೆ ಗಾರ್ಡ್ ಕಟ್ಟಿಕೊಂಡು ಪಂದ್ಯಕ್ಕೆ ನೂರಕ್ಕೂ ಜಾಸ್ತಿ ಸಲ ಕುಕ್ಕರಗಾಲಲ್ಲಿ ಕೂರಬೇಕು, ಅದೂ 162 ಪಂದ್ಯಗಳ ಸೀಸನ್‌ನಲ್ಲಿ. ಮಂಡಿ ಸವೆಯದೆ ಇರುತ್ತಾ?

ಆದರೆ ಆ ಚುರುಕು ಕಾಲು ಅಲ್ಲಿಯೇ ಜಾಸ್ತಿ ಬೇಕು. ಎದುರಾಳಿ ಎರಡನೇ ಬೇಸ್ ಕದಿಯಲು ಓಡಿದಾಗ ಕ್ಯಾಚರ್ ಚೆಂಡು ಹಿಡಿದು, ಎದ್ದು, ಕಾಲು ತಿರುಗಿಸಿ, 127 ಅಡಿ ದೂರ ಎಸೆಯಬೇಕು. ಇಷ್ಟಕ್ಕೂ ಸಿಗುವುದು ಸುಮಾರು ಎರಡು ಸೆಕೆಂಡ್. ಎಲ್ಲರೂ ತೋಳಿನ ಬಲ ಹೊಗಳುತ್ತಾರೆ. ನಾನು ನೋಡುವುದು ಪಾದವನ್ನು. ಪಾದ ತಡವಾದರೆ ಎಂಥ ತೋಳಿದ್ದರೂ ಓಟಗಾರ ಸೇಫ್.

ಅದಕ್ಕೇ ನನಗೆ ಜೆ.ಟಿ. ರಿಯಲ್ಮುಟೊ ಅಂದ್ರೆ ಅಷ್ಟು ಇಷ್ಟ. ಶಾಲೆಯಲ್ಲಿ ಶಾರ್ಟ್‌ಸ್ಟಾಪ್ (ಎರಡನೇ, ಮೂರನೇ ಬೇಸ್ ನಡುವಿನ ಫೀಲ್ಡರ್) ಆಡುತ್ತಿದ್ದ ಹುಡುಗ, ಅಮೆರಿಕನ್ ಫುಟ್‌ಬಾಲ್‌ನಲ್ಲಿ ಚೆಂಡು ಎಸೆದು ಆಟ ನಡೆಸುವ ಕ್ವಾರ್ಟರ್‌ಬ್ಯಾಕ್. ಮಾರ್ಲಿನ್ಸ್ ತಂಡದವರು ಅವನನ್ನು ತಂದು ಕ್ಯಾಚರ್ ಮಾಡಿದರು, ಅಂದರೆ ಬಿಜಿಯೊಗೆ ಮಾಡಿದ್ದಕ್ಕೆ ಪೂರ್ತಿ ಉಲ್ಟಾ. ಮುಂದೆ ಫಿಲಡೆಲ್ಫಿಯಾ ತಂಡಕ್ಕೆ ಹೋಗಿ 2022ರಲ್ಲಿ 22 ಹೋಮ್ ರನ್ (ಒಂದೇ ಹೊಡೆತಕ್ಕೆ ಎಲ್ಲ ಬೇಸ್ ಸುತ್ತಿ ಬರುವುದು) ಹೊಡೆದ, 21 ಬೇಸ್ ಕದ್ದ, ಸಿಕ್ಕಿಬಿದ್ದಿದ್ದು ಒಂದೇ ಸಲ! ಅವನಿಗಿಂತ ಮೊದಲು ಒಂದೇ ಸೀಸನ್‌ನಲ್ಲಿ ಎರಡರಲ್ಲೂ ಇಪ್ಪತ್ತು ದಾಟಿದ ಕ್ಯಾಚರ್ ಒಬ್ಬನೇ, 1999ರಲ್ಲಿ ಇವಾನ್ ರೊಡ್ರಿಗಸ್.

ಬರೀ ಕದಿಯುವುದನ್ನೇ ಲೆಕ್ಕ ಹಾಕಿದರೆ 1982ರಲ್ಲಿ ಕಾನ್ಸಾಸ್ ಸಿಟಿಯ ಜಾನ್ ವಾಥನ್ 36 ಕದ್ದಿದ್ದು ಇವತ್ತಿಗೂ ಒಂದು ಸೀಸನ್‌ಗೆ ಕ್ಯಾಚರ್‌ಗಳ ದಾಖಲೆ. ನಲವತ್ತು ವರ್ಷ ದಾಟಿತು. ಅಷ್ಟು ವರ್ಷದಲ್ಲಿ ಎಷ್ಟು ಜನ ಓಡುವ ಹುಡುಗರನ್ನು ಎಬ್ಬಿಸಿ ಕಳಿಸಿರಬೇಕು ಅಲ್ವಾ?

2022ರ ಅಕ್ಟೋಬರ್‌ನಲ್ಲಿ ಅಟ್ಲಾಂಟಾ ಎದುರಿನ ಪ್ಲೇಆಫ್ ಪಂದ್ಯ ಸಿಕ್ಕರೆ ನೋಡಿ. ರಿಯಲ್ಮುಟೊ ಹೊಡೆದ ಚೆಂಡು ಗೋಡೆಗೆ ಬಡಿದು ಫೀಲ್ಡರ್‌ನಿಂದ ದೂರ ಸಿಡಿಯುತ್ತೆ, ಇವನು ಒಂದು ಕ್ಷಣವೂ ನಿಲ್ಲದೆ ನಾಲ್ಕೂ ಬೇಸ್ ಸುತ್ತಿ ಹೋಮ್‌ಗೆ ಬರುತ್ತಾನೆ. ಪ್ಲೇಆಫ್‌ನಲ್ಲಿ ಚೆಂಡು ಮೈದಾನದ ಒಳಗಿರುವಾಗಲೇ ಹಾಗೆ ಹೋಮ್ ರನ್ ಓಡಿದ ಮೊದಲ ಕ್ಯಾಚರ್ ಅವನೇ.