ಹಡಗು ತೋರಿಸಿದ್ದಾಯಿತು, ಗಾಯವನ್ನೂ ತೋರಿಸಬೇಕೆ?

ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ನೌಕಾಪಡೆಯ ಹಳೆಯ ಹಡಗು ಐಎನ್‌ಎಸ್ ಚಪಲ್ ಮ್ಯೂಸಿಯಮ್ಮಾಗಿ ದಡ ಹತ್ತಿ ಕೂತು ಎರಡು ದಶಕವಾಗುತ್ತ ಬಂತು. ಈಗ ಅಲ್ಲೊಂದು ಟುಪೊಲೆವ್ ವಿಮಾನವೂ ಇದೆ. ಕ್ಷಿಪಣಿ ನೌಕೆ ಹೇಗಿರುತ್ತದೆ ಎಂದು ನೋಡಲು ಶಾಲೆಮಕ್ಕಳು ಬಸ್ಸು ತುಂಬಿಕೊಂಡು ಬರುತ್ತಾರೆ. ಪೆಟ್ಟು ಬಿದ್ದವನನ್ನು ಆಮೇಲೆ ಏನು ಮಾಡುತ್ತಿದ್ದರು ಎಂಬ ಕಥೆಗೂ, ಅಂದರೆ ಯುದ್ಧಕಾಲದ ವೈದ್ಯಕೀಯದ ಚರಿತ್ರೆಗೂ, ಇಂಥ ಕಡೆ ಸಾರ್ವಜನಿಕ ಕಾರ್ಯಕ್ರಮ ಬೇಕೆ? ನಿವೃತ್ತ ನರ್ಸ್ ಒಬ್ಬರು ಬೇಕು ಎನ್ನುತ್ತಾರೆ. ಶಿರಸಿ ಕಡೆಯ ಇತಿಹಾಸದ ಮಾಸ್ತರರೊಬ್ಬರು ಬೇಡ ಎನ್ನುತ್ತಾರೆ.

ಪರ: ಆ ಕಬ್ಬಿಣದ ಬಳೆಯನ್ನು ಜನ ಮುಟ್ಟಿ ನೋಡಲಿ

ಮೂಳೆ ವಾರ್ಡಿನಲ್ಲಿ ಮೂವತ್ತೊಂದು ವರ್ಷ ಕಳೆದವಳು ನಾನು. ತೊಡೆಮೂಳೆ ಮುರಿದು ಬಂದವರಿಗೆ ಥಾಮಸ್ ಸ್ಪ್ಲಿಂಟ್ ಕಟ್ಟಿದ್ದಕ್ಕೆ ಲೆಕ್ಕವಿಲ್ಲ. ನೋಡಲು ಏನೂ ಇಲ್ಲ ಅದರಲ್ಲಿ. ತೊಡೆಸಂದಿಗೆ ಒತ್ತಿ ಕೂರುವ ಒಂದು ಬಳೆ, ಅದಕ್ಕೆ ಚರ್ಮದ ಮೆತ್ತೆ. ಬಳೆಯಿಂದ ಕಾಲಿನ ಎರಡೂ ಬದಿಗೆ ಇಳಿಯುವ ಕಬ್ಬಿಣದ ಸರಳುಗಳು ಪಾದದ ಆಚೆ ಹೋಗಿ ಕೂಡುತ್ತವೆ. ಅಲ್ಲಿಗೆ ಪಟ್ಟಿ ಕಟ್ಟಿ ಕಾಲನ್ನು ಎಳೆದು ಬಿಗಿಯುವುದು. ನಮ್ಮ ಕರಾವಳಿಯ ಮೇ ತಿಂಗಳ ಸೆಕೆಯಲ್ಲಿ ಆ ಚರ್ಮ ಬೆವರಿಗೆ ನೆನೆದು, ಅಡಿಯಲ್ಲಿ ಹುಣ್ಣಾಗುತ್ತದೆ. ದಿನಾ ಬೆರಳು ತೂರಿಸಿ ಚರ್ಮ ಸರಿಸಿ ನೋಡಬೇಕು. ಹೊಸ ಸಿಸ್ಟರ್‌ಗಳಿಗೆ ನಾನು ಮೊದಲು ಕಲಿಸುತ್ತಿದ್ದುದು ಅದನ್ನೇ.

ಈ ಸ್ಪ್ಲಿಂಟ್ ಲಿವರ್‌ಪೂಲಿನ ಹ್ಯೂ ಓವೆನ್ ಥಾಮಸ್ ಎಂಬ ವೈದ್ಯ 19ನೇ ಶತಮಾನದಲ್ಲಿ ಮಾಡಿದ್ದು. ಅವನಿರುವಾಗ ಹೆಚ್ಚು ಜನ ಕಿವಿಗೊಡಲಿಲ್ಲ. ಮೊದಲ ಮಹಾಯುದ್ಧ ಬಂತು. ತೊಡೆಗೆ ಗುಂಡು ತಾಗಿ ಮೂಳೆ ಮುರಿದವರಲ್ಲಿ ನೂರಕ್ಕೆ 80 ಮಂದಿ ಸಾಯುತ್ತಿದ್ದರು ಎಂದು ಆಗಿನ ವೈದ್ಯರು ಬರೆದಿಟ್ಟಿದ್ದಾರೆ. ಥಾಮಸ್‌ನ ಕೈಕೆಳಗೆ ಪಳಗಿದ ರಾಬರ್ಟ್ ಜೋನ್ಸ್ ಈ ಸ್ಪ್ಲಿಂಟ್ ಬಳಸಬೇಕೆಂದು ಹಟ ಹಿಡಿದ. ಮುಂಚೂಣಿಯಲ್ಲೇ ಕಟ್ಟಿ ಸಾಗಿಸತೊಡಗಿದ ಮೇಲೆ ಸಾವು 20ರ ಆಸುಪಾಸಿಗೆ ಇಳಿಯಿತು. ಕಾರಣ ಸರಳ. ಮುರಿದ ಮೂಳೆಯ ತುದಿ ಸ್ಟ್ರೆಚರ್ ಅಲುಗಿದಾಗಲೆಲ್ಲ ಒಳಗಿನ ಮಾಂಸ ಕೊಯ್ಯುತ್ತದೆ. ಹೊರಗೆ ಹನಿ ಕಾಣದಿದ್ದರೂ ತೊಡೆಯೊಳಗೇ ಲೀಟರುಗಟ್ಟಲೆ ರಕ್ತ ಸೋರುತ್ತದೆ. ಎಳೆದು ಕಟ್ಟಿದರೆ ಅದು ತಗ್ಗುತ್ತದೆ. ಇಷ್ಟನ್ನು ವಾರ್ಡಿನ ಹೊರಗೆ ಹೇಳಲು ಇಷ್ಟು ವರ್ಷದಲ್ಲಿ ನನ್ನನ್ನು ಯಾರೂ ಕರೆಯಲಿಲ್ಲ.

ಇನ್ನೊಂದು ಮಾತು. ಕಾರವಾರದ ಬೈತಖೋಲ ಬಂದರಿಗೆ ಬಂದ ಬೋಟೊಂದರಲ್ಲಿ ಬಲೆ ಎಳೆಯುವ ವಿಂಚಿನ ಹಗ್ಗಕ್ಕೆ ಹುಡುಗನೊಬ್ಬನ ಮುಂಗೈ ಸಿಕ್ಕಿತ್ತು. ಬೋಟು ನಡೆಸುವ ತಾಂಡೇಲ ಒಳ್ಳೆಯವನು, ಧೈರ್ಯದವನು. ರಕ್ತ ನಿಲ್ಲಲಿ ಎಂದು ನೈಲಾನ್ ದಾರವನ್ನು ತೋಳಿಗೆ ಸುತ್ತಿ ಜೀವ ಹಿಡಿದು ಬಿಗಿದ. ದಾರ ಕತ್ತಿಯ ಹಾಗೆ ಒಳಗಿಳಿದಿತ್ತು. ಎಷ್ಟು ಹೊತ್ತಿಗೆ ಕಟ್ಟಿದ್ದು ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳಿದರು. ಹುಡುಗ ಉಳಿದ, ಕೈ ಉಳಿಯಲಿಲ್ಲ. ಅಗಲದ ಬಟ್ಟೆ ಕಟ್ಟಬೇಕು, ಒಂದು ಕೋಲು ತೂರಿಸಿ ತಿರುವಬೇಕು, ಕಟ್ಟಿದ ಹೊತ್ತನ್ನು ಹಣೆಯ ಮೇಲಾದರೂ ಬರೆಯಬೇಕು. ಫ್ರಾನ್ಸಿನ ಪೆಟಿ ಎಂಬ ಶಸ್ತ್ರವೈದ್ಯ 1718ರಲ್ಲೇ ತಿರುಪು ಹಾಕಿದ ಪಟ್ಟಿ ಮಾಡಿದ್ದ. ಕಟ್ಟಿದರೆ ಕೈಕಾಲು ಹೋಗುತ್ತದೆ ಎಂದು ವೈದ್ಯರು ನಡುವೆ ಅದಕ್ಕೆ ಹೆದರಿದರು. ಇರಾಕ್, ಅಫ್ಘಾನಿಸ್ತಾನದ ಯುದ್ಧಗಳಲ್ಲಿ ಅದು ಮತ್ತೆ ಮರ್ಯಾದೆ ಪಡೆಯಿತು. ಈ ಏರಿಳಿತದ ಕಥೆ ಹೇಳಿ, ಅಲ್ಲೇ ಒಂದು ಪಟ್ಟಿ ಕೈಗೆ ಕೊಟ್ಟರೆ ಜನ ಮರೆಯುವುದಿಲ್ಲ.

ಕಥೆಗಾಗಿ ದೂರ ಹೋಗಬೇಕಿಲ್ಲ. ಕಾರವಾರದ ಎದುರಿಗಿರುವ ಅಂಜದೀವ ದ್ವೀಪಕ್ಕೆ 1662ರಲ್ಲಿ ಸುಮಾರು 400 ಇಂಗ್ಲಿಷ್ ಸೈನಿಕರು ಬಂದಿಳಿದರು. ತಮ್ಮ ರಾಜನಿಗೆ ಮದುವೆಯಲ್ಲಿ ಬಳುವಳಿಯಾಗಿ ಸಿಕ್ಕ ಮುಂಬೈಯನ್ನು ವಶಕ್ಕೆ ಪಡೆಯಲು ಹೊರಟವರು. ಪೋರ್ಚುಗೀಸರು ಬಿಟ್ಟುಕೊಡದ್ದಕ್ಕೆ ಇಲ್ಲಿ ಕಾದರು. ಯುದ್ಧವಿಲ್ಲ, ಗುಂಡಿಲ್ಲ. ಮಳೆಗಾಲ ಮತ್ತು ಕಾಯಿಲೆ ಸಾಕಾಯಿತು. ಅವರ ಮುಖ್ಯಸ್ಥ ಅಬ್ರಹಾಂ ಶಿಪ್‌ಮನ್ 1664ರಲ್ಲಿ ಅಲ್ಲೇ ಸತ್ತ. 1665ರಲ್ಲಿ ಮುಂಬೈ ಕೈಗೆ ಬರುವ ಹೊತ್ತಿಗೆ ಬದುಕಿದ್ದವರು ನೂರರ ಆಸುಪಾಸು. ಅದೇ ದ್ವೀಪದಲ್ಲಿ 1961ರ ಡಿಸೆಂಬರ್‌ನಲ್ಲಿ ಗೋವಾ ವಿಮೋಚನೆಯ ಹೊತ್ತಿಗೆ ನಮ್ಮ ನೌಕಾಪಡೆಯ 7 ಮಂದಿ ಸತ್ತರು, 19 ಮಂದಿ ಗಾಯಗೊಂಡರು. ಸತ್ತವರಿಗೆ ಸ್ಮಾರಕವಿದೆ, ಇರಲೇಬೇಕು. ಆ 19 ಮಂದಿಯ ಕಥೆ ಮಾತ್ರ ಯಾರ ಬಾಯಲ್ಲೂ ನಾನು ಕೇಳಿಲ್ಲ.

ಅಮೆರಿಕದ ಫ್ರೆಡರಿಕ್ ಊರಿನಲ್ಲಿ ಅಲ್ಲಿನ ಅಂತರ್ಯುದ್ಧದ ವೈದ್ಯಕೀಯಕ್ಕೆಂದೇ ಒಂದು ಮ್ಯೂಸಿಯಂ ಇದೆ. ಆ ಯುದ್ಧದಲ್ಲಿ ಸತ್ತವರಲ್ಲಿ ಮೂರರಲ್ಲಿ ಎರಡು ಪಾಲು ರೋಗದಿಂದ ಸತ್ತವರು ಎಂಬುದು ಅಲ್ಲಿ ಎದ್ದು ಕಾಣುವ ಪಾಠ. ಚಪಲ್ ನೋಡಲು ಬಂದ ಮಕ್ಕಳಿಗೆ ಭಾನುವಾರ ಅರ್ಧ ಗಂಟೆ ಇಂಥದ್ದು ಹೇಳಿದರೆ ಹಡಗಿನ ಗೌರವಕ್ಕೇನು ಕುಂದು? ರಕ್ತ ನೋಡಿ ಮಕ್ಕಳು ಹೆದರುತ್ತಾರೆ ಎನ್ನುವವರಿಗೆ ಹೇಳುತ್ತೇನೆ: ರಕ್ತ ಬೇಡ. ಒಂದು ಥಾಮಸ್ ಸ್ಪ್ಲಿಂಟ್ ಇಡಿ, ಸಾಕು.

ವಿರೋಧ: ಸಿಸ್ಟರ್ ಹೇಳಿದ್ದು ಸರಿ, ಹೇಳಬೇಕಾದ ಜಾಗ ಅದಲ್ಲ

ಸಿಸ್ಟರ್ ಬರೆದದ್ದರಲ್ಲಿ ಒಂದು ಸಾಲನ್ನೂ ನಾನು ತಪ್ಪು ಎನ್ನಲಾರೆ. ಆದರೆ ಮ್ಯೂಸಿಯಂ ಎಂಬ ಜಾಗಕ್ಕೆ ಒಂದು ಗುಣವಿದೆ. ಅದರೊಳಗೆ ಹೋದದ್ದೆಲ್ಲ ಸಾಧನೆಯಾಗಿ ಹೊರಬರುತ್ತದೆ. ಕ್ಷಿಪಣಿಯ ಮಗ್ಗುಲಲ್ಲಿ ಸ್ಪ್ಲಿಂಟ್ ಇಟ್ಟರೆ, ಬೋರ್ಡು ಬರೆಯುವವನು ಏನು ಬರೆಯುತ್ತಾನೆ ಎಂದು ನಾನು ಈಗಲೇ ಹೇಳಬಲ್ಲೆ: ಯುದ್ಧದಿಂದ ವೈದ್ಯಶಾಸ್ತ್ರ ಬೆಳೆಯಿತು. ಇಪ್ಪತ್ತಾರು ವರ್ಷ ಹೈಸ್ಕೂಲಿನಲ್ಲಿ ಪಾಠ ಮಾಡಿದ ನನಗೆ ಆ ಸಾಲು ಪರೀಕ್ಷೆಯ ಉತ್ತರಪತ್ರಿಕೆಯಲ್ಲಿ ಹೇಗೆ ವಾಪಸು ಬರುತ್ತದೆ ಎಂಬುದೂ ಗೊತ್ತು.

ಅದು ಅರ್ಧ ಸತ್ಯ. ರಕ್ತದ ಗುಂಪುಗಳನ್ನು ಲ್ಯಾಂಡ್‌ಸ್ಟೈನರ್ ಕಂಡುಕೊಂಡದ್ದು 1901ರಲ್ಲಿ, ಯಾವ ಯುದ್ಧಕ್ಕೂ ಅಲ್ಲ. ಪೆನಿಸಿಲಿನ್ ಫ್ಲೆಮಿಂಗ್ ಕಣ್ಣಿಗೆ ಬಿದ್ದದ್ದು 1928ರಲ್ಲಿ. ಸ್ಪ್ಲಿಂಟೂ ಹಾಗೆಯೇ, ಸಿಸ್ಟರೇ ಬರೆದಿದ್ದಾರೆ, ಶಾಂತಿಯ ಕಾಲದಲ್ಲಿ ಒಬ್ಬ ಮಾಡಿಟ್ಟದ್ದು, ಕೇಳುವವರಿರಲಿಲ್ಲ. ಯುದ್ಧ ಕೊಟ್ಟದ್ದು ಹಣ, ಅವಸರ ಮತ್ತು ಸಾಲುಗಟ್ಟಿ ಮಲಗಿದ ದೇಹಗಳು. 1941ರಲ್ಲಿ ಆಕ್ಸ್‌ಫರ್ಡಿನ ಪೊಲೀಸನೊಬ್ಬನಿಗೆ ಪೆನಿಸಿಲಿನ್ ಕೊಟ್ಟಾಗ ಔಷಧ ಸಾಲದೆ ಅವನ ಮೂತ್ರದಿಂದಲೇ ಸೋಸಿ ತೆಗೆದು ಮತ್ತೆ ಕೊಟ್ಟರು. ಚೇತರಿಸಿಕೊಂಡವನು ಔಷಧ ಮುಗಿದದ್ದಕ್ಕೆ ಸತ್ತ. ಮೂರು ವರ್ಷದಲ್ಲಿ, ನಾರ್ಮಂಡಿಯ ದಡ ಹತ್ತುವ ಸೈನಿಕರಿಗೆ ಬೇಕು ಎಂದಾಗ, ಅದೇ ಔಷಧ ರಾಶಿರಾಶಿ ತಯಾರಾಯಿತು. ಇದನ್ನು ಹೆಮ್ಮೆಯಿಂದ ಹೇಳಬೇಕೋ ನಾಚಿಕೆಯಿಂದ ಹೇಳಬೇಕೋ ನನಗೆ ಇನ್ನೂ ತೀರ್ಮಾನವಾಗಿಲ್ಲ. ಅರ್ಧ ಗಂಟೆಯ ಭಾನುವಾರದ ಕಾರ್ಯಕ್ರಮಕ್ಕೆ ಆ ಪುರುಸೊತ್ತು ಎಲ್ಲಿ?

ಇಂಥ ಕಾರ್ಯಕ್ರಮಗಳಿಗೆ ಒಪ್ಪುವ ಕಥೆಗಳೂ ಬೇರೆ. 1914ರ ಕೊನೆಯಲ್ಲಿ ಇಂಗ್ಲೆಂಡಿನ ಬ್ರೈಟನ್ನಿನ ಅರಮನೆಯನ್ನೇ ಭಾರತೀಯ ಸೈನಿಕರ ಆಸ್ಪತ್ರೆ ಮಾಡಿದರು. ಹಿಂದೂಗಳಿಗೆ ಒಂದು ನಲ್ಲಿ, ಮುಸಲ್ಮಾನರಿಗೆ ಒಂದು ನಲ್ಲಿ, ಅಡುಗೆಮನೆಗಳೂ ಬೇರೆ ಬೇರೆ. ಗುಮ್ಮಟದ ಕೆಳಗೆ ಮಂಚ ಸಾಲಾಗಿಟ್ಟ ಫೋಟೋ ಯಾವ ಗೋಡೆಗಾದರೂ ಚೆಂದ. ಅದೇ ಊರಿನ ಇನ್ನೊಂದು ಆಸ್ಪತ್ರೆಗೆ ಮುಳ್ಳುತಂತಿ ಹಾಕಿ, ಗುಣವಾಗುತ್ತಿದ್ದ ಭಾರತೀಯರು ಊರೊಳಗೆ ಅಡ್ಡಾಡದಂತೆ ಕಾವಲಿಟ್ಟಿದ್ದರು. ಆ ಮುಳ್ಳುತಂತಿಗೆ ಗೋಡೆ ಸಿಗುವುದು ಕಷ್ಟ. ಜಪಾನಿ ಸೇನೆಯ 731 ಘಟಕ ಚೀನಾದ ಕೈದಿಗಳ ಮೇಲೆ ಮಾಡಿದ ಕ್ರೂರ ಪ್ರಯೋಗಗಳೂ ಯುದ್ಧಕಾಲದ ವೈದ್ಯಕೀಯವೇ. ಅದನ್ನು ಏಳನೇ ತರಗತಿಯ ಪ್ರವಾಸದಲ್ಲಿ ಹೇಳುತ್ತೀರಾ? ಹೇಳಲಾಗದು. ಬಿಟ್ಟು ಹೇಳಿದರೆ ಅದು ಚರಿತ್ರೆಯಾಗುವುದಿಲ್ಲ.

ಅಂಜದೀವದ ವಿಚಾರ ಕೇಳಿ ನನಗೂ ಖುಷಿಯಾಯಿತು. ಆದರೆ ಆ ದ್ವೀಪ ಈಗ ನೌಕಾನೆಲೆಯೊಳಗಿದೆ, ನಾವು ನೀವು ಹೋಗಿ ಬರುವ ಜಾಗವಲ್ಲ.

ಇನ್ನು ನನ್ನ ಹೊಟ್ಟೆಯುರಿ. ಪೆಟ್ಟು ಬಿದ್ದ ಮೊದಲ ಗಂಟೆ ಬಂಗಾರದ ಗಂಟೆ ಎಂಬ ಮಾತಿಗೆ ಯುದ್ಧಭೂಮಿಯ ಪಾಠವೇ ಬುಡ ಎನ್ನುತ್ತಾರೆ. ನಮ್ಮ ಜಿಲ್ಲೆಯ ಜನ ಆ ಗಂಟೆಯನ್ನು ಮಂಗಳೂರು, ಮಣಿಪಾಲ, ಹುಬ್ಬಳ್ಳಿಯ ರಸ್ತೆಯಲ್ಲಿ ಕಳೆಯುತ್ತಾರೆ. ಸುಸಜ್ಜಿತ ಆಸ್ಪತ್ರೆ ಕೊಡಿ ಎಂದು ವರ್ಷಗಟ್ಟಲೆ ಕೂಗಿದ್ದೇವೆ, ಆಸ್ಪತ್ರೆ ಇಲ್ಲದಿದ್ದರೆ ಮತವೂ ಇಲ್ಲ ಎಂದದ್ದೂ ಆಗಿದೆ. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಹೊತ್ತು ಕುಂದಾಪುರದತ್ತ ಓಡಿದ ಆ್ಯಂಬುಲೆನ್ಸು ಶಿರೂರು ಟೋಲ್‌ಗೇಟಿನಲ್ಲಿ ಮಗುಚಿದ್ದನ್ನು ಇಡೀ ರಾಜ್ಯವೇ ಮೊಬೈಲಿನಲ್ಲಿ ನೋಡಿತು. ಇಂಥ ಊರಿನಲ್ಲಿ ನೆಪೋಲಿಯನ್ನನ ಕಾಲದ ಆ್ಯಂಬುಲೆನ್ಸಿನ ಮಾದರಿ ಮಾಡಿಟ್ಟು ಟಿಕೆಟ್ ಹರಿದರೆ ಜನ ನಗುತ್ತಾರೆ. ನಗಲಿ ಎಂದೇ ನನ್ನ ಆಸೆ, ಅಳುವುದಕ್ಕಿಂತ ಅದು ವಾಸಿ.

ಹಾಗಂತ ಎಲ್ಲ ತಪ್ಪು ಸರ್ಕಾರದ್ದೇ ಅಲ್ಲ. ಎಂಟು ವರ್ಷದ ಹಿಂದೆ ನಮ್ಮ ತೋಟದಲ್ಲಿ ಅಡಿಕೆ ಕೊನೆ ಕೊಯ್ಯುವ ಕೊನೆಗೌಡ ಮರದಿಂದ ಮರಕ್ಕೆ ದಾಟುವಾಗ ಜಾರಿ ಬಿದ್ದ. ಅವನಿಗೆ ಎಚ್ಚರವಿತ್ತು, ಕಾಲಿನ ಬೆರಳು ಅಲ್ಲಾಡಿಸುತ್ತಿದ್ದ, ನಾನೇ ನೋಡಿದ್ದೇನೆ. ನಾವು ನಾಲ್ಕು ಜನ ಒಂದು ಕಂಬಳಿಗೆ ಹಾಕಿ, ನಡು ಜೋತುಬಿದ್ದ ಹಾಗೇ ಹೊತ್ತು, ಕಾಲುಸಂಕ ದಾಟಿಸಿ, ಜೀಪಿನ ಹಿಂದಿನ ಸೀಟಿಗೆ ಮಡಚಿ ಕೂರಿಸಿದೆವು. ಮುಂಡಗೋಡ ದಾಟುವಾಗ ಅವನು ಕೇಳಿದ್ದು ಒಂದೇ, ಮಾಸ್ತರೆ, ನನ್ನ ಕಾಲು ಸೀಟಿನ ಮೇಲಿದೆಯೋ ಕೆಳಗಿದೆಯೋ? ಬಿದ್ದ ಪೆಟ್ಟಿಗೆ ಹಾಗಾಯಿತೋ ನಾವು ಎತ್ತಿದ್ದಕ್ಕೆ ಹಾಗಾಯಿತೋ, ಡಾಕ್ಟರು ನನ್ನ ಮುಖ ನೋಡಿ ಹೇಳಲಿಲ್ಲ.

ಅಗಲದ ಹಲಗೆಯೊಂದು ಸಾಕಿತ್ತು, ಅಡಿಕೆ ಚಪ್ಪರದಲ್ಲಿ ಬೇಕಾದಷ್ಟು ಬಿದ್ದಿದ್ದವು. ಇದನ್ನು ನನಗೆ ಯಾವ ಮ್ಯೂಸಿಯಮ್ಮೂ ಕಲಿಸುತ್ತಿರಲಿಲ್ಲ, ಏಕೆಂದರೆ ಕೊನೆಗೌಡರು ಚಪಲ್ ನೋಡಲು ಹೋಗುವುದಿಲ್ಲ, ಬೈತಖೋಲದ ಖಲಾಸಿಗಳೂ ಹೋಗುವುದಿಲ್ಲ. ಹೋಗುವವರು ಪ್ರವಾಸಿಗಳು. ಕೊನೆಕೊಯ್ಲು ಶುರುವಾಗುವ ಮುಂಚೆ, ದೀಪಾವಳಿಯ ಹೊತ್ತಿಗೆ, ಸಿಸ್ಟರ್ ಘಟ್ಟ ಹತ್ತಿ ಬರುವುದಾದರೆ ನಮ್ಮ ಅಂಗಳದಲ್ಲಿ ಚಾಪೆ ಹಾಸಿಸುತ್ತೇನೆ. ಸುತ್ತಲ ಕೊನೆಗೌಡರನ್ನೆಲ್ಲ ಕರೆಸುವುದು ನನ್ನ ಪಾಲಿಗಿರಲಿ. ಆ ಕಬ್ಬಿಣದ ಬಳೆಯನ್ನೂ ತನ್ನಿ.